ಲೈಟ್ ಹತ್ತವಲ್ದು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನನಗೆ ಬರುವ ಫೋನುಗಳದೆಲ್ಲ ಒಂದೇ ಮಾತು: "ಸರ್, ಕ್ಯಾಮೆರಾದ್ದು ಲೈಟ್ ಹತ್ತವಲ್ದು." ರಾಯಬಾಗ, ಕಾಗವಾಡ ಕಡೆಯ ಕಬ್ಬು ತೂಗುವ ಕಾಟಾಗಳಿಂದ, ಚಿಕ್ಕೋಡಿಯ ಹಾಲಿನ ಡೇರಿಯಿಂದ, ನಿಪ್ಪಾಣಿಯ ತಂಬಾಕಿನ ವಖಾರಿಯಿಂದ, ಅಥಣಿಯಲ್ಲಿ ಮಾಳಿಗೆ ಮೇಲೆ ಇಂಟರ್‌ನೆಟ್ ಡಿಶ್ ಕೂರಿಸಿಕೊಂಡವರಿಂದ. ಲೈಟ್ ಹತ್ತುತ್ತಿಲ್ಲ ಎಂದವರು ತೀರ್ಪನ್ನೂ ಜೊತೆಗೇ ಕೊಟ್ಟುಬಿಡುತ್ತಾರೆ: "ಸತ್ತದ ನೋಡ್ರಿ ಅದು, ಹೊಸಾದು ತಗೊಂಡ ಬರ್ರಿ."

"ಸತ್ತಿಲ್ಲ ಕಾಕಾ, ಅದಕ್ಕ ಊಟ ಮುಟ್ಟಿಲ್ಲ. ಮೊದಲ ವಾಯರ್ ನೋಡೋಣ್ರಿ," ಎನ್ನುತ್ತೇನೆ.

ಈ ಕ್ಯಾಮೆರಾಗಳಿಗೆ ಬೇರೆ ಕರೆಂಟಿನ ವಾಯರ್ ಇಲ್ಲ. ಚಿತ್ರ ಬರುವ ಇಥರ್ನೆಟ್ ಕೇಬಲ್ಲಿನಲ್ಲೇ ಕರೆಂಟೂ ಹೋಗುತ್ತದೆ. ಪವರ್ ಓವರ್ ಇಥರ್ನೆಟ್, ನಮ್ಮ ಹುಡುಗರ ಬಾಯಲ್ಲಿ ಪಿಒಇ. 2003ರಲ್ಲಿ ಇದಕ್ಕೊಂದು ಮಾನಕ ಬಂತು, 802.3ಎಎಫ್ ಎಂದು. ಅದರ ಪ್ರಕಾರ, ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ತನ್ನ ಪೋರ್ಟಿನಲ್ಲಿ 15.4 ವ್ಯಾಟ್ ಕೊಡಬಲ್ಲದು. ಆದರೆ ಆಚೆ ತುದಿಯ ಸಾಧನ 12.95 ವ್ಯಾಟಿಗಿಂತ ಹೆಚ್ಚು ಕೇಳುವಂತಿಲ್ಲ. ನಡುವಿನ ಎರಡೂವರೆ ವ್ಯಾಟ್ ವಾಯರಿನ ಪಾಲು. ಮಾನಕ ಬರೆದವರು ವಾಯರ್ ತಿನ್ನುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ಕ್ಯಾಮೆರಾ ಕೊಳ್ಳುವ ನಮ್ಮವರು ಮಾತ್ರ ಹಿಡಿಯುವುದಿಲ್ಲ. 2009ರಲ್ಲಿ ಪೋರ್ಟಿನ ಮಿತಿ 30 ವ್ಯಾಟಿಗೆ ಏರಿತು, 2018ರಲ್ಲಿ 90ಕ್ಕೆ. ವಾಯರಿನ ಪಾಲು ಮಾತ್ರ ಎಲ್ಲಿಯೂ ತಪ್ಪಲಿಲ್ಲ.

ಹಳೆಯ ಟೆಲಿಫೋನು ನೆನಪಿದ್ದವರಿಗೆ ಇದು ಹೊಸ ಸಂಗತಿ ಅನ್ನಿಸಬಾರದು. ಊರಿಗೆ ಊರೇ ಕರೆಂಟಿಲ್ಲದೆ ಕತ್ತಲಾದಾಗಲೂ ಮನೆಯ ಫೋನು ರಿಂಗಾಗುತ್ತಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ, ಮಾತು ಸಾಗುವ ಅದೇ ಎರಡು ತಂತಿಗಳಲ್ಲಿ ಬರುತ್ತಿತ್ತು. ಪಿಒಇಯಲ್ಲೂ ಹೆಚ್ಚುಕಡಿಮೆ ಅದೇ 48 ವೋಲ್ಟ್. ವೋಲ್ಟ್ ಹೆಚ್ಚಿದ್ದರೆ ಅಷ್ಟೇ ಶಕ್ತಿಗೆ ಕಡಿಮೆ ಕರೆಂಟ್ ಸಾಕು, ಕರೆಂಟ್ ಕಡಿಮೆಯಾದರೆ ದಾರಿಯಲ್ಲಿ ಸೋರುವುದೂ ಕಡಿಮೆ.

ಪಿಒಇಯ ಒಂದು ಗುಣ ನನಗೆ ಬಹಳ ಹಿಡಿಸಿದೆ: ಅದು ಕೇಳದೆ ಕೊಡುವುದಿಲ್ಲ. ಕೇಬಲ್ ಚುಚ್ಚಿದ ಕೂಡಲೇ ಸ್ವಿಚ್ 48 ವೋಲ್ಟ್ ಹರಿಸಿಬಿಡುವುದಿಲ್ಲ. ಮೊದಲು 3ರಿಂದ 10 ವೋಲ್ಟಿನೊಳಗೆ ಒಂದು ಸಣ್ಣ ಪರೀಕ್ಷೆ ಮಾಡಿ, ಆಚೆ ತುದಿಯಲ್ಲಿ ಸುಮಾರು 25 ಸಾವಿರ ಓಮ್‌ನ ರೋಧಕ ಇದೆಯೇ ಎಂದು ನೋಡುತ್ತದೆ. ಇದ್ದರೆ, ನಿನಗೆಷ್ಟು ಬೇಕು ಎಂದು ಇನ್ನೊಂದು ಸುತ್ತು ಕೇಳುತ್ತದೆ. ಉತ್ತರ ಸರಿಬಂದ ಮೇಲೆಯೇ ಪೂರ್ತಿ ಕರೆಂಟು. ಖಾಲಿ ಪೋರ್ಟಿಗೆ ಮೀಟರ್ ಹಿಡಿದು, 48 ಕಾಣದೆ, "ಸ್ವಿಚ್ ಹೋಗ್ಯದ" ಎನ್ನುವವರನ್ನು ಬಹಳ ಕಂಡಿದ್ದೇನೆ. ಮೀಟರಿನೊಳಗೆ ಆ 25 ಸಾವಿರ ಓಮ್ ಇಲ್ಲ. ಸ್ವಿಚ್ ಕರೆಂಟು ಕೊಡದಿರುವುದೇ ಸರಿ.

ದೋಷ ಹುಡುಕುವ ಕೆಲಸವೂ ಅದೇ ಸರದಿಯಲ್ಲಿ ಸಾಗಬೇಕು ಎನ್ನುವುದು ನನ್ನ ಹಟ. ಹತ್ತದ ಕ್ಯಾಮೆರಾವನ್ನು ಕಂಬದಿಂದ ಇಳಿಸಿ, ಸ್ವಿಚ್ಚಿನ ಪಕ್ಕಕ್ಕೆ ತಂದು, ಒಂದು ಮೀಟರಿನ ಒಳ್ಳೆಯ ವಾಯರಿನಲ್ಲಿ ಅದೇ ಪೋರ್ಟಿಗೆ ಜೋಡಿಸಿ. ಹತ್ತಿತೋ, ಕ್ಯಾಮೆರಾ, ಪೋರ್ಟು ಎರಡರ ಮೇಲೂ ದೂರಿಲ್ಲ. ಏಣಿ ಹತ್ತುವ ಬೇಸರಕ್ಕೆ ಜನ ಇದನ್ನು ಬಿಟ್ಟು ಹೊಸ ಕ್ಯಾಮೆರಾ ತರುತ್ತಾರೆ. ಅದೂ ಹತ್ತುವುದಿಲ್ಲ. ಆಗ ಕಂಪನಿಯನ್ನು ಬಯ್ಯುತ್ತಾರೆ.

ವಾಯರಿನ ಕಾಯಿಲೆ ತಾಲ್ಲೂಕಿಗೊಂದು ಬಗೆ. ನಿಪ್ಪಾಣಿ ಘಟ್ಟದ ಕಡೆಗೆ ಹತ್ತಿರ, ಅಲ್ಲಿಯ ಜಿಟಿಜಿಟಿ ಮಳೆ ಪಿನ್ನಿನೊಳಗೆ ಇಳಿಯುತ್ತದೆ. ತೇವ ಕುಳಿತ ಜೋಡಣೆಯಲ್ಲಿ 30 ಸಾವಿರ ಓಮ್‌ನ ಸೋರಿಕೆ ಇದೆ ಎನ್ನೋಣ. ಆಗ ಕ್ಯಾಮೆರಾದ 25 ಸಾವಿರ ಸ್ವಿಚ್ಚಿಗೆ ಹದಿಮೂರೂವರೆ ಸಾವಿರವಾಗಿ ಕಾಣುತ್ತದೆ. 15 ಸಾವಿರಕ್ಕಿಂತ ಕಡಿಮೆ ಕಂಡರೆ ಕರೆಂಟು ಕೊಡಕೂಡದು ಎನ್ನುವುದು ಮಾನಕದ ಕಟ್ಟಳೆ. ಹೀಗಾಗಿ ಬಿಸಿಲಿಗೆ ಒಣಗಿದಾಗ ಹತ್ತುವ ಕ್ಯಾಮೆರಾ ಮಳೆ ಹಿಡಿದಾಗ ಹತ್ತುವುದಿಲ್ಲ. ಕೃಷ್ಣೆಯ ದಂಡೆಯ ಯಡೂರು, ಕಲ್ಲೋಳ ಕಡೆ 2019ರ ಆಗಸ್ಟ್ ಮಹಾಪೂರದಲ್ಲಿ ಪೈಪಿನೊಳಗೆ ನೀರು ಕುಡಿದ ಕೇಬಲ್ಲುಗಳು ನೆರೆ ಇಳಿದ ಎಷ್ಟೋ ದಿನಗಳ ಮೇಲೆ ಒಂದೊಂದಾಗಿ ಕೈಕೊಟ್ಟವು. ಅಥಣಿಯ ಒಣ ಸೀಮೆಯಲ್ಲಿ ನೀರಿನ ಕಾಟ ಕಡಿಮೆ, ಬಿಸಿಲಿಗೆ ಮೇಲಿನ ಸಿಪ್ಪೆ ಸೀಳುತ್ತದೆ. ರಾಯಬಾಗ, ಕಾಗವಾಡದಲ್ಲಿ ಕಬ್ಬಿನ ಟ್ರೇಲರಿನ ಎತ್ತರದ ಹೇರು ರಸ್ತೆಗೆ ಅಡ್ಡ ಕಟ್ಟಿದ ಕೇಬಲ್ಲನ್ನು ಎಳೆಯುತ್ತದೆ. ಪೂರ್ತಿ ಹರಿದರೆ ಒಳ್ಳೆಯದು, ಕಣ್ಣಿಗೆ ಬೀಳುತ್ತದೆ. ಸಿಪ್ಪೆ ನೆಟ್ಟಗಿದ್ದು ಒಳಗಿನ ಒಂದೇ ಎಳೆ ತುಂಡಾದರೆ ಒಂದು ದಿನದ ಕೆಲಸ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಹಾಳುಮಾಡುವುದು ರಾತ್ರಿಯ ಕಾಯಿಲೆ. ಹಗಲೆಲ್ಲ ಚೆನ್ನಾಗಿರುವ ಕ್ಯಾಮೆರಾ ಸಂಜೆ ಏಳರ ಮೇಲೆ ಆರಿ ಹತ್ತಿ, ಆರಿ ಹತ್ತಿ ಮಾಡುತ್ತದೆ. ಕತ್ತಲಾದಾಗ ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಹಗಲು 4 ವ್ಯಾಟ್ ಉಣ್ಣುವುದು ರಾತ್ರಿ 10 ಕೇಳುತ್ತದೆ. ಕಾಟಾದ ಕ್ಯಾಮೆರಾಗಳು ಆಫೀಸಿನಿಂದ ದೂರ. ಇಥರ್ನೆಟ್ಟಿನ ಮಿತಿ 100 ಮೀಟರ್. ಆದರೆ ಕ್ಯಾಮೆರಾಗೆಂದೇ ಮಾಡಿದ ಸ್ವಿಚ್ಚುಗಳಲ್ಲಿ ವೇಗ ಇಳಿಸಿ 250 ಮೀಟರಿಗೆ ಮುಟ್ಟಿಸುವ ಒಂದು ಗುಂಡಿ ಇರುತ್ತದೆ, ಅದನ್ನೊತ್ತಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಅಪ್ಪಟ ತಾಮ್ರದ ಕೇಬಲ್ಲಿನಲ್ಲಿ ಕರೆಂಟು ಹೋಗಿಬರುವ ದಾರಿಯ ರೋಧ 100 ಮೀಟರಿಗೆ ಒಂಬತ್ತು ಓಮ್ ಚಿಲ್ಲರೆ. ಮೇಲೆ ತಾಮ್ರ ಬಳಿದು ಒಳಗೆ ಅಲ್ಯೂಮಿನಿಯಂ ಇಟ್ಟ ಕೇಬಲ್ಲಿನಲ್ಲಿ ಸುಮಾರು 15. ಅಂಥದ್ದನ್ನು 250 ಮೀಟರ್ ಎಳೆದರೆ 37 ಓಮ್; ರಾತ್ರಿಯ ಕಾಲು ಆಂಪಿಯರಿಗೆ ಒಂಬತ್ತು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಹೋಯಿತು. 48 ಹೊರಟದ್ದು 38 ಆಗಿ ಮುಟ್ಟುತ್ತದೆ. ಮಾನಕ ಕೇಳುವ ಕನಿಷ್ಠ 37. ಪಿನ್ನಿಗೆ ಚೂರು ಕಿಲುಬು ಹಿಡಿದರೂ ಅದರ ಕೆಳಗೆ.

ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತವೆ, ವಾಯರ್ ಸರಿಯಿದೆ ಎಂದು ಅದು ಹೇಳುತ್ತದೆ. ಎಳೆ ಕೂಡಿದೆಯೋ ಇಲ್ಲವೋ ಎಂದಷ್ಟೇ ಅದಕ್ಕೆ ಗೊತ್ತು, ಭಾರ ಹೊರುತ್ತದೆಯೇ ಎಂದು ಗೊತ್ತಿಲ್ಲ. ಆ ಅಲ್ಯೂಮಿನಿಯಂ ಕೇಬಲ್ಲನ್ನು ಕ್ಯಾಟ್-6 ಎಂದು ಪೆಟ್ಟಿಗೆಯ ಮೇಲೆ ಬರೆದು ಮಾರುವುದು ಮೋಸ, ನಾನು ಇದನ್ನು ಮೆಲ್ಲಗೆ ಹೇಳುವವನಲ್ಲ. ಆ ಹೆಸರಿನ ಕೇಬಲ್ಲು ತಾಮ್ರದ್ದೇ ಆಗಿರಬೇಕೆಂದು ಮಾನಕದಲ್ಲಿದೆ. ಚಾಕುವಿನಿಂದ ಎಳೆಯ ಮೈ ಕೆರೆದರೆ ಬೆಳ್ಳಗೆ ಕಾಣುತ್ತದೆ. 305 ಮೀಟರಿನ ಪೆಟ್ಟಿಗೆ ಎತ್ತಿದರೆ ಕೈಗೇ ಹಗುರ ತಿಳಿಯುತ್ತದೆ. ಇಷ್ಟು ನೋಡಲು ಇಂಜಿನಿಯರ್ ಬೇಕಿಲ್ಲ.

ಎಲ್ಲ ಸರಿಯಿದ್ದೂ ಹತ್ತದ್ದು ಒಂದಿದೆ. ಮಾಳಿಗೆ ಮೇಲಿನ ಎಷ್ಟೋ ಹಳೆಯ ಇಂಟರ್‌ನೆಟ್ ಡಿಶ್‌ಗಳಿಗೆ ಬೇಕಾದ್ದು 24 ವೋಲ್ಟಿನ ಇಂಜೆಕ್ಟರ್, ಅಂದರೆ ಕೇಬಲ್ಲಿಗೆ ಕರೆಂಟು ಸೇರಿಸುವ ಪೆಟ್ಟಿಗೆ. ಅದು ಏನನ್ನೂ ಕೇಳುವುದಿಲ್ಲ. ನೀಲಿ ಜೋಡಿಯಲ್ಲಿ ಪ್ಲಸ್, ಕಂದು ಜೋಡಿಯಲ್ಲಿ ಮೈನಸ್ ಸದಾ ಹರಿಯುತ್ತಿರುತ್ತದೆ. ಅಂಥ ಡಿಶ್ಶನ್ನು ಹೊಸ ಸ್ವಿಚ್ಚಿಗೆ ಚುಚ್ಚಿದರೆ, ಸ್ವಿಚ್ ಕೇಳುತ್ತದೆ, ಡಿಶ್ಶಿಗೆ ಉತ್ತರ ಕೊಡಲು ಬಾರದು. ಲೈಟು ಹತ್ತುವುದಿಲ್ಲ, ಕೆಟ್ಟದ್ದೂ ಏನಿಲ್ಲ. ಆಗ ಯಾರೋ ಕೈಗೆ ಸಿಕ್ಕ 48 ವೋಲ್ಟಿನ, ಕೇಳದೆ ಕೊಡುವ ಇಂಜೆಕ್ಟರ್ ಹಾಕುತ್ತಾರೆ. ಡಿಶ್ ನಿಜವಾಗಿ ಸಾಯುವುದು ಆವಾಗ.

ಕಾಟಾದ ಕ್ಯಾಮೆರಾದ ಬಗ್ಗೆ ನನಗೆ ಹೆಚ್ಚು ಕಾಳಜಿ. ತೂಕದಲ್ಲಿ ಮೋಸ ಎಂಬ ರೈತರ ದೂರು ಈ ಸೀಮೆಯಲ್ಲಿ ಹಳೆಯದು. ಟ್ರ್ಯಾಕ್ಟರ್ ಸಾಲಿನಲ್ಲಿ ರಾತ್ರಿಯೆಲ್ಲ ಕಾದವನ ಗಾಡಿ ನಂಬರೂ ತೂಕದ ಅಂಕಿಯೂ ಒಂದೇ ಚಿತ್ರದಲ್ಲಿ ಸಿಕ್ಕರೆ ಮಾತು ಬೆಳೆಯುವುದಿಲ್ಲ. ಕ್ಯಾಮೆರಾ ಆರಿದ ಆ ಹತ್ತು ನಿಮಿಷದಲ್ಲೇ ಅವನ ಪಾಳಿ ಬಂದಿದ್ದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಂಥದೊಂದು ಕಾಟಾದಲ್ಲಿ ಕೂರುವ ಹುಡುಗನಿಗೆ, ವಾಯರಿಗೂ ಕ್ಯಾಮೆರಾಗೂ ನಡುವೆ ಜೋಡಿಸಿದರೆ ವೋಲ್ಟ್ ತೋರಿಸುವ ಒಂದು ಸಣ್ಣ ಮೀಟರ್ ಕೊಟ್ಟು ಬಂದಿದ್ದೆ, ರಾತ್ರಿ ನೋಡು ಎಂದು ಹೇಳಿ. ಮರುದಿನ ಬೆಳಿಗ್ಗೆ ಫೋನು: "ಅಣ್ಣಾ, ಹಗಲ ನಲವತ್ನಾಕ ಇತ್ತು, ದೀಪಾ ಹತ್ತಿದ ಮ್ಯಾಲ ಮೂವತ್ತಾರಕ್ಕ ಇಳೀತು. ಕ್ಯಾಮೆರಾ ತರಬ್ಯಾಡ್ರಿ. ತಾಂಬ್ರದ ವಾಯರ್ ತರ್ರಿ, ಅರ್ಧಾ ಹಾದ್ಯಾಗ ಇನ್ನೊಂದ ಸ್ವಿಚ್ ಕೂಡ್ಸೂಣು. ಮಾಲಕರಿಗೆ ನಾ ಹೇಳೇನಿ."