ತಂಪಿನ ವ್ಯಾಪಾರ

ಕಲಬುರಗಿಯ ಬಿಸಿಲನ್ನು ಕುರಿತು ಮೈಸೂರು ಕಡೆಯ ಮಿತ್ರರಿಗೆ ಹೇಳಿದರೆ ಅವರು ಅದನ್ನು ಕನ್ನಡ ಮೇಷ್ಟರ ಅತಿಶಯೋಕ್ತಿಯೆಂದು ತಿಳಿದು ನಗುತ್ತಾರೆ. ಮೇ ತಿಂಗಳ 42 ಡಿಗ್ರಿ ನಮಗೆ ಅಲಂಕಾರವಲ್ಲ, ದಿನಚರಿ. ಹಿರಿಯರು ಇದಕ್ಕೆ ಮನೆ ಕಟ್ಟುವಾಗಲೇ ಉತ್ತರ ಕೊಟ್ಟಿದ್ದರು: ಮೊಳ ಮೀರಿದ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಕಾಲಡಿಗೆ ಶಹಾಬಾದಿ ಕಲ್ಲು. ನಾವು ಸಿಮೆಂಟಿನ ಸ್ಲ್ಯಾಬಿಗೆ ಬಂದೆವು. ಅದು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಬಸಿಯುತ್ತದೆ. ಕಟ್ಟಿಕೊಳ್ಳುತ್ತಿದ್ದ ತಂಪನ್ನು ಈಗ ಕೊಂಡುಕೊಳ್ಳಬೇಕಾಗಿದೆ.

ಬಹುಕಾಲ ನಮಗೆ ಕೂಲರೇ ಸಾಕಾಗಿತ್ತು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನೇ ಎಳೆದುಕೊಳ್ಳುತ್ತದೆ. ನಮ್ಮ ಒಣ ಗಾಳಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಇದೇ ಕೂಲರನ್ನು ಮಂಗಳೂರಿನಲ್ಲಿಟ್ಟರೆ ಮೈ ಇನ್ನಷ್ಟು ಅಂಟಂಟಾದೀತು. ಆದರೆ ಅದಕ್ಕೆ ಕೊಡಗಟ್ಟಲೆ ನೀರು ಬೇಕು. ನಲ್ಲಿಗೆ ನೀರು ಬಾರದ ದಿನಗಳೂ ಬೇಸಗೆಯಲ್ಲೇ ಬರುತ್ತವೆ. ಅಂಥದೊಂದು ಮಧ್ಯಾಹ್ನ, ಹೋದ ವರ್ಷ, 78ರ ನಮ್ಮ ಅವ್ವನ ಮಾತು ತೊದಲಿತು. ಮೈ ಕಾದ ಹಂಚಿನಂತಿತ್ತು, ಬೆವರೇ ಇರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ವಯಸ್ಸಾದ ಮೈಗೆ ಬೆವರಿ ತಣಿಯುವ ಶಕ್ತಿ ಕಡಿಮೆ, ಮುಂದಿನ ಬೇಸಗೆಗೆ ಒಂದು ಕೋಣೆಯಾದರೂ ತಂಪಾಗಿರಲಿ ಎಂದರು ಡಾಕ್ಟರು. “ನನಗೊಬ್ಬಾಕಿಗಿ ಯಾಕಪಾ ಅಷ್ಟು ರೊಕ್ಕ?” ಎಂದು ಅವ್ವ.

ಅಂಗಡಿಯ ಗೋಡೆಗೆ ಹತ್ತು ಹನ್ನೆರಡು ಬಿಳಿಯ ಪೆಟ್ಟಿಗೆಗಳು ಒಂದೇ ತಾಯಿಯ ಮಕ್ಕಳಂತೆ ತೂಗುತ್ತಿದ್ದವು. ಹೆಸರು ಮಾತ್ರ ಬೇರೆ. ಹೆಸರಿನ ಮೂಲ ಹುಡುಕುವುದು ನನ್ನ ವೃತ್ತಿಯ ಚಟ. ಕ್ಯಾರಿಯರ್ ಎಂಬುದು ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರನ ಹೆಸರು. 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಅದರ ಪರಿಹಾರಕ್ಕಾಗಿ ಆತ ಈ ಯಂತ್ರವನ್ನು ಯೋಜಿಸಿದ. ಮನುಷ್ಯನಿಗಿಂತ ಮೊದಲು ಕಾಗದಕ್ಕೆ ಈ ಸುಖ ದೊರೆಯಿತೆಂಬುದು, ಪತ್ರಿಕೆ ಓದುವ ನಮಗೆ ಹಿತವಾದ ಸುದ್ದಿಯೇ. ಡೈಕಿನ್ 1924ರಲ್ಲಿ ಜಪಾನಿನ ಒಸಾಕಾದಲ್ಲಿ ಹುಟ್ಟಿದ್ದು; ಬ್ಲೂ ಸ್ಟಾರ್ 1943ರ ನಮ್ಮ ದೇಶದ್ದು; ವೋಲ್ಟಾಸ್ 1954ರಲ್ಲಿ ಟಾಟಾ ಮತ್ತು ಸ್ವಿಟ್ಜರ್ಲೆಂಡಿನ ವೋಲ್ಕಾರ್ಟ್ ಸಂಸ್ಥೆಗಳು ಕೂಡಿದ್ದರಿಂದ ಬಂದ ಸಂಧಿಪದ. ವಂಶಾವಳಿ ಸೊಗಸಾಗಿದೆ, ಕೋಣೆ ತಣಿಸುವ ಮಾತು ಬೇರೆ.

ಒಂದೂವರೆ ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟನ್ನು ಅಷ್ಟೇ ಹೊತ್ತಿನಲ್ಲಿ ಹೊರಗೆ ಹಾಕುವ ಯಂತ್ರ ಒಂದು ಟನ್ನಿನದು. ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಹೆಸರು ಬಿಟ್ಟು ಆ ಅಂಕಿಯನ್ನೇ ಓದುತ್ತ ಹೋದೆ. ಒಂದೇ ನಕ್ಷತ್ರ ಮಟ್ಟದ ಬೇರೆ ಬೇರೆ ಕಂಪನಿಗಳ ನಡುವಿನ ಅಂತರ ಅಲ್ಪ. ಮೂರು ನಕ್ಷತ್ರದ್ದು 970, ಐದರದ್ದು 760. ಉಳಿತಾಯ 210 ಯೂನಿಟ್. ಆರು ರೂಪಾಯಿಯಂತೆ 1260. ಬೆಲೆಯ ವ್ಯತ್ಯಾಸವೋ ಎಂಟು ಸಾವಿರ. ಆರು ವರ್ಷ ದಾಟಿದರೆ ಗಿಟ್ಟೀತು. ಆದರೆ ನಮಗೆ ಅದು ಬೇಕಾಗುವುದು ನೂರು ದಿನ, ದಿನಕ್ಕೆ ಎಂಟು ಗಂಟೆ, ಅಂದರೆ ಚೀಟಿಯ ಲೆಕ್ಕದ ಅರ್ಧ. ಗಿಟ್ಟಲು ಹನ್ನೆರಡು ವರ್ಷ ಮೀರುತ್ತದೆ. ವರ್ಷವಿಡೀ ಓಡಿಸುವವರಿಗೆ ಐದು ನಕ್ಷತ್ರ ಒಪ್ಪುತ್ತದೆ. ನಮ್ಮಂಥವರಿಗೆ ಮೂರು ಸಾಕು.

ನಮ್ಮೂರಿನವರು ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು. ಒಂದೂವರೆ ಟನ್ ಎಂಬ ಶಕ್ತಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ ಇರುವಾಗ. 42 ಆದರೆ ಆ ಶಕ್ತಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆಂಬುದನ್ನು ಪುಸ್ತಿಕೆಯಲ್ಲಿ ಅಚ್ಚುಹಾಕುವ ಕಂಪನಿಯೇ, ಚಿತ್ರನಟರ ಮುಖ ಅಚ್ಚುಹಾಕುವ ಕಂಪನಿಗಿಂತ ನನಗೆ ಮೇಲು.

ಆಮೇಲಿನ ತೀರ್ಪು ಮೆಕ್ಯಾನಿಕ್ಕನದು. ನಮ್ಮ ನೆರೆಯವರು ಹೆಸರಾಂತ ಯಂತ್ರವನ್ನೇ ತಂದಿದ್ದರು. ಕಳೆದ ಮೇ ತಿಂಗಳಲ್ಲಿ ಕೆಟ್ಟು, ಬಿಡಿಭಾಗ ಬರಲು ಹದಿನೆಂಟು ದಿನವಾಯಿತು. ಅದನ್ನು ರಿಪೇರಿ ಮಾಡಲು ಬಂದಿದ್ದ ತರುಣನೇ ನನಗೆ ಹೇಳಿದ: “ಸರ್, ತಂಪು ಎಲ್ಲಾ ಕಂಪನೀದೂ ಮಾಡ್ತಾವ್ರಿ. ಕೆಟ್ಟಾಗ ಯಾರ್ ಬರ್ತಾರ ಅನ್ನೂದು ಕೇಳ್ರಿ.” ಕೇಳಿದೆ. ಊರಿನಲ್ಲೇ ಬಿಡಿಭಾಗವಿಟ್ಟುಕೊಂಡಿದ್ದವರದು ಎರಡೇ ಹೆಸರು. ಅವುಗಳಲ್ಲಿ ಒಂದು ಮನೆಗೆ ಬಂತು. ಯಾವುದೆಂದರೆ ಜಾಹೀರಾತಾದೀತು. ಕೂಡಿಸುವ ಮುಂಚೆ ಸ್ಲ್ಯಾಬಿನ ಮೇಲೆ ಎರಡು ಸಲ ಸುಣ್ಣ ಬಳಿಸಿದೆ.

2020ರಿಂದ ಈ ಯಂತ್ರಗಳು ಮೊದಲಿಗೆ 24 ಡಿಗ್ರಿಗೇ ನಿಲ್ಲುವಂತೆ ನಿಯಮವಿದೆ. ಅವ್ವ ಅದನ್ನು 28ಕ್ಕೆ ಏರಿಸಿ, ಜೊತೆಗೆ ಫ್ಯಾನು ಹಾಕಿಸುತ್ತಾಳೆ. ಮಧ್ಯಾಹ್ನ ಓಣಿಯ ಮುದುಕಿಯರು ಮೂವರು ನಾಲ್ವರು ಅಲ್ಲಿಯೇ ಬಂದು ಕೂಡುತ್ತಾರೆ. “ಬಾಗಲಾ ಹಾಕ್ಕೊಂಡು ಬರ್ರೇ” ಎಂದು ಅವ್ವ ಕೂಗುವುದು ನನ್ನ ಓದುವ ಕೋಣೆಗೆ ಕೇಳಿಸುತ್ತದೆ.