ದೊಡ್ಡವ್ವನ ಎಂಟು ತಿಂಗಳು

ನಮ್ಮ ದೊಡ್ಡವ್ವ ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ ಕಳೆ ತೆಗೆದು, ತರೀಕೆರೆ ಕಡೆಯ ತೋಟದೋರ ಅಂಗಳದಲ್ಲಿ ಅಡಿಕೆ ಸುಲಿದು ನಮ್ಮನ್ನು ಓದಿಸಿದವಳು. ಮುಟ್ಟು ನಿಂತು ಆರೇಳು ವರ್ಷವಾಗಿತ್ತು. ಒಂದಿನ ಸೀರೆಯಲ್ಲಿ ರಕ್ತ ಕಂಡಳು. 'ಉಷ್ಣ ಆಗಿರ್ಬೇಕು ಬಿಡ್ರೋ' ಅಂದಳು. ಮೆಂತ್ಯ ನೆನೆಸಿ ಕುಡಿದಳು. ಬಿಳಿಸೆರಗು ನಾರತೊಡಗಿದಾಗ ಯಾರಿಗೂ ಹೇಳದೆ ಹಾಸಿಗೆಯನ್ನು ಜಗಲಿಗೆ ಒಯ್ದುಕೊಂಡಳು. ಸೊಂಟ ಹಿಡಿದಾಗ ಒಬ್ಬ ಡಾಕ್ಟರು ಆಕೆಯ ಕೈಯನ್ನೂ ಮುಟ್ಟದೆ ಮಾತ್ರೆ ಬರೆದ. ಹೀಗೇ ಎಂಟು ತಿಂಗಳು. ಕಾಲು ಊದಿಕೊಂಡ ಮೇಲೆ ಕಡೂರಿನಲ್ಲಿ ರೈಲು ಹತ್ತಿಸಿದೆವು. 'ಗರ್ಭಕೋಶದ ಬಾಯಿಯ ಕ್ಯಾನ್ಸರ್. ಇಷ್ಟು ದಿನ ಏನ್ಮಾಡ್ತಿದ್ರಿ?' ಬೆಂಗಳೂರಿನ ಡಾಕ್ಟರಮ್ಮ ಕೇಳಿದರು.

ಏನು ಮಾಡುತ್ತಿದ್ದೆವು? ಊರೂರಲ್ಲಿ ಸಭೆ ಮಾಡುತ್ತಿದ್ದೆವು. ನಮ್ಮನ್ನು ಮುಟ್ಟಿಸಿಕೊಳ್ಳದವರ ವಿರುದ್ಧ ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ನಮ್ಮದೇ ಮನೆಯೊಳಗೆ ಮುಟ್ಟಿನ ಮಾತು ಮೈಲಿಗೆಯಾಗಿ ಕೂತಿತ್ತು. ಹೆಣ್ಣಿನ ಸೊಂಟದ ಕೆಳಗಿನ ನೋವಿಗೆ ನಮ್ಮ ಹೋರಾಟದಲ್ಲಿ ಜಾಗವಿರಲಿಲ್ಲ. ದೊಡ್ಡವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೇಷ್ಟ್ರುಗಳು ಇದನ್ನು ತಾಯಂದಿರಿಗೆ ಓದಿ ಹೇಳಲಿ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಉಷ್ಣವಲ್ಲ. ಗಂಡನ ಜೊತೆ ಮಲಗಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಎಂದಿಗಿಂತ ಹೆಚ್ಚು ದಿನ ಹೋಗುವ ಮುಟ್ಟು, ನಾರುವ ಅಥವಾ ರಕ್ತ ಬೆರೆತ ಬಿಳಿಸೆರಗು, ಕೂಡುವಾಗ ನೋವು, ಬಿಡದ ಕಿಬ್ಬೊಟ್ಟೆ ಸೊಂಟದ ನೋವು: ಇವೆಲ್ಲ ಕ್ಯಾನ್ಸರೇ ಆಗಬೇಕೆಂದಿಲ್ಲ. ಆದರೆ ಒಳಗೆ ನೋಡದೆ ಬರೀ ಮಾತ್ರೆ ಕೊಟ್ಟು ಕಳಿಸಿದರೆ ಎದ್ದು ಬರಬೇಡಿ, 'ಒಳಗೆ ನೋಡ್ರಿ' ಅಂತ ಕೇಳಿ. ಕಾಲು ಊದಿತು ಅಂದರೆ ರೋಗ ಬಹಳ ದೂರ ನಡೆದಿರಬಹುದು.

ಇನ್ನೊಂದು ಮಾತು. ಶುರುವಿನಲ್ಲಿ ಈ ರೋಗ ಯಾವ ಗುರುತನ್ನೂ ಕೊಡುವುದಿಲ್ಲ. ಇದರ ಮೂಲ ಎಚ್‌ಪಿವಿ ಎಂಬ ವೈರಸ್. ಗಂಡು ಹೆಣ್ಣಿನ ಕೂಟದಿಂದ ಹರಡುವ ಇದು ಎಷ್ಟೋ ಮಂದಿಗೆ ತಗುಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಸಾಮಾನ್ಯವಾಗಿ 15-20 ವರ್ಷಕ್ಕೆ ಕ್ಯಾನ್ಸರ್ ಆಗುತ್ತದೆ. ಇದು ಯಾರ ಶೀಲದ ಮಾತೂ ಅಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ. ಹದಿನೈದು ವರ್ಷ ಅಂದರೆ ಹಿಡಿಯಲು ಬೇಕಾದಷ್ಟು ಕಾಲ.

ಹಿಡಿಯುವುದು ಕಷ್ಟವೂ ಅಲ್ಲ. ವಿನಿಗರ್‌ನಂಥ ಹುಳಿದ್ರಾವಣವನ್ನು ಗರ್ಭಕೋಶದ ಬಾಯಿಗೆ ಸವರಿದರೆ ಕೆಟ್ಟ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. 1998ರಲ್ಲಿ ಮುಂಬೈನ ಟಾಟಾ ಆಸ್ಪತ್ರೆಯವರು ಹತ್ತನೇ ತರಗತಿಯಷ್ಟು ಓದಿದ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿ ಕೊಳೆಗೇರಿಗಳಿಗೆ ಕಳಿಸಿದರು. ಬರೀ ತಿಳುವಳಿಕೆ ಹೇಳಿ ಬಿಟ್ಟ ಕೇರಿಗಳಿಗಿಂತ ಪರೀಕ್ಷೆ ಮಾಡಿದ ಕೇರಿಗಳಲ್ಲಿ ಈ ರೋಗದ ಸಾವು ಶೇ. 31ರಷ್ಟು ಕಡಿಮೆಯಾಯಿತು. ಬರೀ ಭಾಷಣ ಸಾಲದು ಎಂಬುದು ನಮಗೂ ಸೇರಿಯೇ ಹೇಳಿದ ಮಾತು.

2016ರ ಸರ್ಕಾರಿ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ಕಾಗದದ ಮೇಲಿದೆ. 2022ರ ಅಂದಾಜಿನಂತೆ ದೇಶದಲ್ಲಿ ಆ ಒಂದೇ ವರ್ಷ ಸುಮಾರು 80 ಸಾವಿರ ಹೆಂಗಸರು ಇದರಿಂದ ಸತ್ತರು. ಕಾಗದದಲ್ಲಿದ್ದದ್ದನ್ನು ಕೇರಿಗೆ ಇಳಿಸುವುದು ನಮಗೆ ಹೊಸ ಕೆಲಸವೇನಲ್ಲ. ಕೆರೆ ನೀರಿಗೆ, ಹೋಟೆಲಿನ ಲೋಟಕ್ಕೆ, ಕೂಲಿಗೆ ಇದನ್ನೇ ಮಾಡಿದ್ದೇವೆ. ಆಶಾ ಕಾರ್ಯಕರ್ತೆಯನ್ನು ಕೇಳೋಣ, ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು ಕೇಳೋಣ. ಒಂಬತ್ತರಿಂದ ಹದಿನಾಲ್ಕರ ನಮ್ಮ ಹೆಣ್ಣುಮಕ್ಕಳಿಗೆ ಲಸಿಕೆಯನ್ನೂ ಕೇಳೋಣ.

ಅದಕ್ಕೂ ಮುಂಚೆ ಇವತ್ತು ರಾತ್ರಿ ಉಣ್ಣುವಾಗ ಅವ್ವನನ್ನು ಒಂದು ಮಾತು ಕೇಳಿ. 'ಏನಿಲ್ಲ ಬಿಡ್ರೋ' ಅಂತಾಳೆ. ನಾವು ಬಿಟ್ಟಿದ್ದೆವು. ನೀವು ಬಿಡಬೇಡಿ.