ಕೊಚ್ಚಿಯ ಮನೆಗಳಿಗೆ ದರ್ಜೆ

ಕೊಚ್ಚಿ ಕೋಟೆಯ ಓಣಿಗಳಲ್ಲಿ ತಿರುಗಾಡಿದವರು ಮನೆಗಳ ಮುಂದಿನ ಹಲಗೆಗಳ ಮೇಲೆ ‘ಡೈಮಂಡ್’, ‘ಗೋಲ್ಡ್’, ‘ಸಿಲ್ವರ್’ ಎಂಬ ಮಾತುಗಳನ್ನು ಕಂಡಿರಬಹುದು. ಒಡವೆಯ ಅಂಗಡಿಗಳೆಂದು ಭಾವಿಸಬೇಡಿ! ಪ್ರವಾಸಿಗಳನ್ನು ಇಳಿಸಿಕೊಳ್ಳುವ ಹೋಂಸ್ಟೇಗಳಿಗೆ ಕೇರಳದ ಪ್ರವಾಸೋದ್ಯಮ ಇಲಾಖೆ ಕೊಡುವ ದರ್ಜೆಗಳಿವು. ಇಲಾಖೆಯ ಕೇಂದ್ರ ಕಚೇರಿ ಇರುವುದು ತಿರುವನಂತಪುರದಲ್ಲಿ. ಪರೀಕ್ಷೆ ನಡೆಯುವುದು ಮಾತ್ರ ಮನೆಯ ಬಚ್ಚಲಲ್ಲಿ, ಅಡಿಗೆಮನೆಯಲ್ಲಿ.

ಬಾಡಿಗೆಯ ಕೋಣೆಗಳು 6ಕ್ಕಿಂತ ಹೆಚ್ಚಿರಕೂಡದು. ಯಜಮಾನರ ಸಂಸಾರ ಅಲ್ಲಿಯೇ ವಾಸವಾಗಿರಬೇಕು. ಈ ಎರಡನೆಯ ಕಟ್ಟಳೆಯೇ ನನಗೆ ಬಹಳ ಹಿಡಿಸಿತು. ಸಂಸಾರವಿಲ್ಲದ ಮನೆ ಹೋಟೆಲೇ ಸರಿ. ಮಕ್ಕಳುಮರಿಗಳೊಡನೆ ಹೊರಡುವ ನಮ್ಮಂಥವರಿಗೆ, ನಡುರಾತ್ರಿ ಮಗುವಿಗೆ ಜ್ವರ ಬಂದರೆ, ಎದ್ದು ನೀರು ಕಾಯಿಸಿಕೊಡುವವರು ಬೇಡವೆ? ಅದಕ್ಕೆ ಯಾವ ಹಲಗೆಯೂ ಹೊಣೆಯಲ್ಲ. ಆದುದರಿಂದ ಕೋಣೆ ಗೊತ್ತುಮಾಡುವ ಮುನ್ನ, “ಮನೆಯವರು ಇಲ್ಲಿಯೇ ಇರುತ್ತಾರೆಯೆ?” ಎಂದು ಕೇಳಿರಿ. ಊಟಕ್ಕೆ ಕುಸುಬಲಕ್ಕಿಯೋ ಬೆಳ್ತಿಗೆಯೋ ಎಂಬ ವಿಚಾರಣೆ ಆಮೇಲಾಗಲಿ.